ಪಾರ್ಟಿ ಆರ್ಡರ್ ಮತ್ತು ನನ್ನ ಇಂಗ್ಲಿಷ್

ಟಿ. ನಗರದ ನಮ್ಮ ಹೋಟೆಲಿನಲ್ಲಿ ಫೋನ್ ಎತ್ತುವ ಕೆಲಸ ನನ್ನದು. ಅವತ್ತು ಸಂಜೆಯ ಪಾರ್ಟಿ ಊಟಕ್ಕೆ ಆರ್ಡರ್ ಕೊಟ್ಟಿದ್ದ ಹೆಂಗಸು ಬೆಳಿಗ್ಗೆ ಫೋನ್ ಮಾಡಿ, "ವಿ ಹ್ಯಾವ್ ಕಾಲ್ಡ್ ಆಫ್ ದ ಪಾರ್ಟಿ" ಎಂದಳು. ನನ್ನ ಕಿವಿಗೆ ಬಿದ್ದದ್ದು 'ಕಾಲ್' ಒಂದೇ; ಆಮೇಲೆ ಮತ್ತೆ ಕಾಲ್ ಮಾಡುತ್ತಾಳೆಂದು ತಿಳಿದು "ಓಕೆ, ಥ್ಯಾಂಕ್ಯೂ" ಎಂದೆ.

ಸಂಜೆ ಪಾಯಸ ಆರುತ್ತಾ ಕೂತಿತ್ತು, ಒಬ್ಬರೂ ಬರಲಿಲ್ಲ. ನನ್ನ ಗಂಡ ಆ ಹೆಂಗಸಿಗೆ ಫೋನ್ ಮಾಡಿದಾಗ ಪಾರ್ಟಿ ರದ್ದಾದದ್ದು ಗೊತ್ತಾಯಿತು.

"ನೀನು ಎಂತ ಕೇಳಿಸಿಕೊಂಡದ್ದು ಮಾರಾಯ್ತಿ?" ಎಂದು ಸಪ್ಲೈಯರುಗಳ ಎದುರೇ ರೇಗಿದರು. ಇಲ್ಲೇ ಹುಟ್ಟಿ ಬೆಳೆದ ಮಗಳು ತಮಿಳಿನಲ್ಲೇ, 'ಹ್ಯಾವ್' ಬಂದರೆ ಆಗಲೇ ಮುಗಿದುಹೋದ ವಿಷಯ ಎಂದು ನಕ್ಕಳು.

ಮರುದಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕೇಳಿದೆ: "ಕಾಲ್ ಗೊತ್ತು, ಆಫ್ ಗೊತ್ತು. ಎರಡೂ ಸೇರಿದರೆ ರದ್ದು ಹೇಗಾಗುತ್ತದೆ?"

"ಅದು ಹಾಗೇ ಮೇಡಂ, ಬಾಯಿಪಾಠ ಮಾಡಿ" ಎಂದ ಮೇಷ್ಟ್ರು ಬೋರ್ಡಿನ ಮೇಲೆ ಇನ್ನೊಂದು, 'ಪುಟ್ ಆಫ್ = ಮುಂದೂಡು' ಎಂದು ಬರೆದರು. ನನಗೆ ಅಳುವೇ ಬಂತು.