ನಾನು ಅಳಿಸಿದ ಹೆಜ್ಜೆ

ನಮ್ಮ ಅತ್ತೆ ತೀರಿಕೊಂಡಾಗ ಮಧುಗಿರಿಯನ್ನು ಜನ ಇನ್ನೂ ಮದ್ದಗಿರಿ ಅಂತಲೇ ಕರೆಯುತ್ತಿದ್ದರು. ಕೊಡಿಗೇನಹಳ್ಳಿಯ ಹತ್ತಿರ ಕುರಿ ಸಾಕಿಕೊಂಡು ಬಾಳುವವರ ಮನೆ ನಮ್ಮದು. ನಾನು ಹಿರೀ ಸೊಸೆ, ಪಾವಗಡದ ಕಡೆಯಿಂದ ಬಂದವಳು. ಮದುವೆಯಾಗಿ ಹತ್ತು ವರ್ಷ ಕಳೆದರೂ ನನ್ನ ಮಡಿಲು ತುಂಬಿರಲಿಲ್ಲ. ಮೈದುನನ ಹೆಂಡತಿ ಬಂದು ಎರಡು ವರ್ಷವಾಗಿರಲಿಲ್ಲ, ಆಗಲೇ ಐದು ತಿಂಗಳ ಬಸುರಿ. ಅದನ್ನು ಯಾರೂ ನನ್ನ ಮುಂದೆ ಎತ್ತಿ ಆಡುತ್ತಿರಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

ಅತ್ತೆ ಮಾತ್ರ ಒಂದು ದಿನವೂ ನನ್ನನ್ನು ಬಂಜೆ ಅಂದವರಲ್ಲ. ನೀರಿನ ಬಾವಿಯ ಹತ್ತಿರ ಯಾರೋ ಅಂದರೆಂದು ಕೇಳಿ, ಅವರ ಮನೆ ಬಾಗಿಲಿಗೇ ಹೋಗಿ ನೀರಿಳಿಸಿ ಬಂದಿದ್ದರು. ಕೊನೆಯ ಮೂರು ತಿಂಗಳು ಅವರು ಮಲಗಿದ್ದಲ್ಲೇ ಇದ್ದಾಗ ಬಾಚಿದವಳು, ಬಳಿದವಳು, ಉಣ್ಣಿಸಿದವಳು ನಾನು. ಓರಗಿತ್ತಿಗೆ ವಾಂತಿಯೇ ನಿಂತಿರಲಿಲ್ಲ, ಪಾಪ, ಅವಳೇನು ಮಾಡಿಯಾಳು. ಸಾಯುವುದಕ್ಕೆ ಎರಡು ದಿನ ಮುಂಚೆ ಅತ್ತೆ ಮಾವನ ಕೈ ಹಿಡಿದುಕೊಂಡು, "ನಾನು ಎಲ್ಲಿಗೂ ಹೋಗಾಕಿಲ್ಲ. ಇದೇ ಮನೇಲಿ ಹುಟ್ಟಿ ಬತ್ತೀನಿ" ಅಂದರು. ಮಾವ ಆ ಮಾತನ್ನೇ ಹಿಡಿದುಕೊಂಡು ಕೂತರು. ಹೆಣ ಎತ್ತುವಾಗಲೂ ಅವರು ಅಳಲಿಲ್ಲ.

ನಮ್ಮಲ್ಲೊಂದು ಪದ್ಧತಿ. ಮಣ್ಣು ಮಾಡಿ ಬಂದ ದಿನ, ಉಸಿರು ನಿಂತ ಜಾಗದಲ್ಲಿ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಪಕ್ಕದಲ್ಲಿ ದೀಪವಿಟ್ಟು, ಬೂದಿಯ ಮೇಲೆ ಬಿದಿರಿನ ಮಂಕರಿ ಬುಟ್ಟಿ ಕವುಚುತ್ತಾರೆ. ಬೆಳಗಾದ ಮೇಲೆ ಹಿರಿಯರ ಮುಂದೆ ಮಂಕರಿ ಎತ್ತಿ ನೋಡಬೇಕು. ಹಕ್ಕಿಯ ಕಾಲು ಮೂಡಿದ್ದರೆ ಹೋದವರು ಹಕ್ಕಿಯಾದರು, ಗೊರಸು ಮೂಡಿದ್ದರೆ ದನವೋ ಕುರಿಯೋ ಆದರು. ಎಳೇ ಮಗುವಿನ ಹೆಜ್ಜೆ ಮೂಡಿದರೆ ಆ ಮನೆಯಲ್ಲೇ ಹುಟ್ಟಿ ಬರುತ್ತಾರೆ. ಏನೂ ಇಲ್ಲದಿದ್ದರೆ, ಮನೆಯ ಕಡೆ ತಿರುಗಿಯೂ ನೋಡದೆ ಹೊರಟುಹೋದರು ಅಂತ.

ಬೂದಿ ಹರಡಿದವಳು ನಾನೇ. ಮಾರನೆಯ ದಿನ ಅಂಗಳಕ್ಕೆ ಸಗಣಿ ನೀರು ಹಾಕಲು ಎಲ್ಲರಿಗಿಂತ ಮೊದಲು ಎದ್ದವಳೂ ನಾನೇ. ಪೊರಕೆ ಬಾಗಿಲಿಗೆ ಒರಗಿಸಿ, ಒಳಗೆ ಹೋಗಿ ಮಂಕರಿ ಎತ್ತಿದೆ. ಎತ್ತಬಾರದಿತ್ತು. ಬೂದಿಯ ನಡುವೆ ನನ್ನ ಹೆಬ್ಬೆರಳುದ್ದದ ಒಂದು ಗುರುತು. ಹಿಂದೆ ಹಿಮ್ಮಡಿಯ ಹಾಗೆ ಗುಂಡಗೆ, ಮುಂದೆ ನಾಲ್ಕೋ ಐದೋ ಚುಕ್ಕೆ.

ಸಂತೋಷವಾಗಬೇಕಿತ್ತಲ್ಲ! ನನಗೆ ಮೈಯೆಲ್ಲ ಉರಿಯಿತು. ಮೂರು ತಿಂಗಳು ಹೇಲು ಉಚ್ಚೆ ಬಳಿದದ್ದು ನಾನು, ಹುಟ್ಟುವುದು ಮಾತ್ರ ಅವಳ ಹೊಟ್ಟೆಯಲ್ಲೋ ಅನ್ನಿಸಿತು. ಬಲಗೈಯಿಂದ ಒಂದೇ ಸಲಕ್ಕೆ ಸವರಿಬಿಟ್ಟೆ. ಮತ್ತೆ ಜರಡಿ ತಂದು, ಮೇಲೊಂದು ಪದರ ಬೂದಿ ಉದುರಿಸಿ, ಮಂಕರಿ ಕವುಚಿ, ಕೈ ತೊಳೆದು ಅಂಗಳ ಗುಡಿಸಲು ಹೋದೆ. ಸಗಣಿ ನೀರನ್ನು ಒಂದು ಮೂಲೆಯೂ ಬಿಡದ ಹಾಗೆ ಚಿಮುಕಿಸಿದೆ, ಅಂಥವಳು ನಾನು.

ಹೊತ್ತು ಏರಿದ ಮೇಲೆ ಹಿರಿಯರು ಬಂದು ಮಂಕರಿ ಎತ್ತಿದರು. ಮಾವ ಮಂಡಿಯೂರಿ ಕೂತು ಆ ಬದಿಯಿಂದ ಒಮ್ಮೆ, ಈ ಬದಿಯಿಂದ ಒಮ್ಮೆ ನೋಡಿದರು. ದೀಪವನ್ನು ಹತ್ತಿರ ಹಿಡಿಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಮಾವ, ಮದುವೆಯಾದ ಹೊಸದರಲ್ಲಿ ಒಂದು ಸಲ ಕುರಿ ಕಾಯುವ ಕೋಲಿನಿಂದ ಅವಳಿಗೆ ಹೊಡೆದಿದ್ದೆ, ಅದನ್ನು ಅವಳು ಮರೆತಿಲ್ಲ, ಅದಕ್ಕೇ ಹೇಳದೆ ಹೋದಳು ಎಂದು ಅಷ್ಟು ಜನರ ಮುಂದೆ ಹೇಳಿ ಗೊಳೋ ಎಂದು ಅತ್ತರು. ನಾನು ನೀರು ತಂದುಕೊಟ್ಟೆ.

ಓರಗಿತ್ತಿಗೆ ಹೆಣ್ಣು ಹುಟ್ಟಿತು. ಅತ್ತೆಯ ಹೆಸರಿಡೋಣ ಅಂತ ಅವಳು ಕೇಳಿದರೆ ಮಾವ ಒಪ್ಪಲಿಲ್ಲ. ಬರದೇ ಇದ್ದವಳ ಹೆಸರು ಇಟ್ಟು ಕೂಗಿದರೆ ನನ್ನ ಕರುಳು ಏನಾಗಬೇಕು ಅಂದರು. ಮಗು ತೆವಳಿಕೊಂಡು ಜಗಲಿಗೆ ಹೋದರೆ ಕಡಲೆಕಾಯಿ ಸುಲಿದು ಬಾಯಿಗಿಡುತ್ತಿದ್ದರು, ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿರಲಿಲ್ಲ. ನನ್ನನ್ನು ಮಾತ್ರ ಆಗಾಗ ಕರೆದು, ಮಲಗಿದ್ದಾಗ ಅವಳು ಆ ಏಟಿನ ವಿಚಾರ ಏನಾದರೂ ಅಂದಿದ್ದಳಾ ಎಂದು ಕೇಳುತ್ತಿದ್ದರು. ಇಲ್ಲ ಮಾವ ಅನ್ನುತ್ತಿದ್ದೆ. ನೀನು ಮುಚ್ಚಿಡುತ್ತಿದ್ದೀಯ ಅನ್ನುತ್ತಿದ್ದರು. ಮುಚ್ಚಿಟ್ಟದ್ದಂತೂ ನಿಜವೇ.

ಸತ್ತ ಮೇಲೆ ಏನಾದರೂ ಉಳಿಯುತ್ತದೋ ಇಲ್ಲವೋ, ನನ್ನಂಥವಳನ್ನು ಕೇಳಿ ಪ್ರಯೋಜನವಿಲ್ಲ. ಮಂಕರಿಯ ಸಂದಿನಲ್ಲಿ ಇಲಿ ನುಗ್ಗಿತ್ತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲಿಯದೇ ಆಗಿದ್ದರೆ ಅಳಿಸಿದ್ದೇಕೆ? ಆ ಬೆಳಿಗ್ಗೆ ಆ ಮನೆಯಲ್ಲಿ ನನ್ನಷ್ಟು ನಂಬಿದವರು ಯಾರೂ ಇರಲಿಲ್ಲ, ಮಾವನೂ ಕೂಡ. ಬಂದಿದ್ದಾರೆ ಎಂದು ನಂಬಿಯೇ ಅತ್ತೆಯನ್ನು ಹೊರಗೆ ಹಾಕಿದೆ.

ಆರು ವರ್ಷದ ಮೇಲೆ ಮಾವ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ರಾಗಿ ಗಂಜಿ ಕುಡಿಸುತ್ತಿದ್ದಾಗ, ಅಲ್ಲಿ ಹೋದ ಮೇಲಾದರೂ ಅವಳು ನನ್ನ ಮುಖ ನೋಡುತ್ತಾಳೋ ಇಲ್ಲವೋ ಅಂದರು. ನನಗೆ ತಡೆಯಲಾಗಲಿಲ್ಲ. ಬಟ್ಟಲು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಹೆಜ್ಜೆ ಎಷ್ಟುದ್ದ ಇತ್ತು, ಚುಕ್ಕೆ ಹೇಗಿದ್ದವು, ಯಾವ ಕೈಯಲ್ಲಿ ಸವರಿದೆ, ಎಲ್ಲ. ಹೊಟ್ಟೆಕಿಚ್ಚಿನಿಂದಲೇ ಮಾಡಿದೆ ಅಂತಲೂ ಹೇಳಿದೆ. ಉಗಿಯಲಿ, ಮನೆಯಿಂದ ಆಚೆಗೆ ಹಾಕಲಿ ಅಂತ ಕಾದೆ.

ಮಾವ ನಕ್ಕರು.

"ಸಾಯೋ ಮುದುಕನ ಸಮಾಧಾನಕ್ಕೆ ನಿನ್ ತಲೆ ಮೇಲೆ ಇಂಥಾ ಪಾಪ ಎಳ್ಕಂತೀಯಲ್ಲ ತಾಯಿ," ಅಂದರು. "ನೀನು ಅಂಥೋಳಲ್ಲ ಕಣಮ್ಮ. ನಂಗೊತ್ತಿಲ್ವಾ."

ನಿಜ ಮಾವ, ನಿಮ್ಮಾಣೆಗೂ ನಿಜ ಅಂದೆ.

"ಆಣೆ ಬ್ಯಾಡ ಬುಡು. ನೀನು ಇಷ್ಟು ಹೇಳಿದ್ದೇ ಸಾಕು."

ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡಿ ಗಂಡಸರು ಒಳಗೆ ಬಂದಾಗ ಮಾವ ಎಲ್ಲರನ್ನೂ ಹತ್ತಿರ ಕರೆದರು. ಇವತ್ತು ಇವಳು ಹೇಳಿದ ಮಾತಿನಿಂದ ಜೀವ ತಣ್ಣಗಾಯಿತು, ಹೆತ್ತ ಮಗಳೂ ಹೀಗೆ ನೋಡಿಕೊಳ್ಳುವುದಿಲ್ಲ, ನಾನು ಹೋದ ಮೇಲೆ ಹಿರೀ ಸೊಸೆಯ ಮಾತು ಮೀರಬೇಡಿ ಅಂತ ನನ್ನ ಕೈ ಹಿಡಿದುಕೊಂಡೇ ಹೇಳಿದರು. ಅವರು ಹಿಡಿದದ್ದು ಬಲಗೈ. ಆ ಮಗು, ಆರು ವರ್ಷದ್ದು, ಹೊಸ್ತಿಲಲ್ಲಿ ನಿಂತು ನೋಡುತ್ತಿತ್ತು. ಅದನ್ನು ಅವರು ಅವತ್ತೂ ಕರೆಯಲಿಲ್ಲ.

ಓರಗಿತ್ತಿ ಕಣ್ಣೊರೆಸಿಕೊಂಡು, ಅಂಥದ್ದೇನು ಹೇಳಿದೆ ಅಕ್ಕಾ ಮಾವನಿಗೆ, ಎಂದು ಕೇಳಿದಳು. ಎಲ್ಲರೂ ಅಲ್ಲೇ ಇದ್ದರು. ಮಾವನಿಗೂ ಇನ್ನೂ ಉಸಿರಿತ್ತು.

ಏನಿಲ್ಲ ಬಿಡು ಅಂದೆ.