ಬ್ಯಾಂಗೋರ್ ಬೀದಿಗೆ ಬಂದ ಜಾಲಿಹಾಳ

ನಮ್ಮ ಬೀದಿಯ ಹೆಸರಿನ ಅರ್ಥ ‘ಬೇಲಿ’ ಎಂದು ಗೊತ್ತಾದ ದಿನ ಗ್ರೋಸರಿ ಚೀಲವನ್ನು ಅಲ್ಲೇ ನೆಲಕ್ಕಿಟ್ಟು ನಿಂತುಬಿಟ್ಟೆ. ಅಮೆರಿಕದ ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿಗೆ ಬಂದು ವರ್ಷವಾಗಿತ್ತು. ಬ್ಯಾಂಗೋರ್ ಎಂದರೆ ಯಾರೋ ಸಾಹುಕಾರ ಇರಬೇಕೆಂದುಕೊಂಡಿದ್ದೆ. ನಮ್ಮ ಮೈಸೂರಿನಲ್ಲಿ ಬೀದಿಗೆ ಹೆಸರಾಗುವವರು ದೊಡ್ಡ ಮನುಷ್ಯರೇ ತಾನೇ?

ಹೇಳಿದವಳು ಪಕ್ಕದ ಮನೆಯ ಮುದುಕಿ ಮೆಗ್. ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಮೂಲ ಬ್ಯಾಂಗೋರ್‌ನಲ್ಲೇ ಹುಟ್ಟಿದವಳು. ಹಿಂದೆ ಸನ್ಯಾಸಿಯೊಬ್ಬ ಅಲ್ಲಿ ಕಡ್ಡಿ ಹೆಣೆದು ಬೇಲಿ ಕಟ್ಟಿ ನೆಲೆ ನಿಂತನಂತೆ. ಅವರ ಭಾಷೆಯಲ್ಲಿ ಆ ಬೇಲಿಯೇ ಬ್ಯಾಂಗೋರ್. ಅಲ್ಲಿ ಹುಟ್ಟಿದವನೊಬ್ಬ ಆಸ್ಟ್ರೇಲಿಯದ ತನ್ನ ಜಮೀನಿಗೂ ಅದೇ ಹೆಸರಿಟ್ಟನಂತೆ. ಅಮೆರಿಕದ ಪೂರ್ವ ತುದಿಯ ಬ್ಯಾಂಗೋರ್‌ಗಂತೂ ಹೆಸರು ಹಾಡಿನ ಬೆನ್ನೇರಿ ಹೋಯಿತಂತೆ: ಅಲ್ಲಿನ ಪಾದ್ರಿಗೆ ಆ ಹೆಸರಿನ ಭಜನೆಯ ಧಾಟಿ ಬಲು ಇಷ್ಟವಿತ್ತು. ಎಲಾ ಇದರ! ಮನುಷ್ಯರಿಗೆ ವೀಸಾ ಬೇಕು, ಹೆಸರಿಗೆ ಬೇಡ.

ಆಗ ನಾನು ತುಂಬು ಬಸುರಿ. ಹುಟ್ಟುವ ಮಗುವಿನ ಹೆಸರಿನಿಂದ ಗಂಡನ ಊರಾದ ಜಾಲಿಹಾಳವನ್ನು ಕೈಬಿಡುವುದೆಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಇಲ್ಲಿನ ಡೇಕೇರಿನವರ ನಾಲಗೆಗೆ ಅದು ಹೊರಳದು. ನಮ್ಮ ಕಡೆ ಊರು ಒಂದಕ್ಷರವಾಗಿ ಹೆಸರಿನ ಮುಂದೆ ಮುದುಡಿ ಕೂರುತ್ತದೆ. ಬಾಗಲಕೋಟೆ ಕಡೆ ಇಡೀ ಊರೇ ಹೆಸರಿನ ಹಿಂದೆ ಬರುತ್ತದೆ.

ಬಾಣಂತನಕ್ಕೆಂದು ಬಂದಿದ್ದ ಅತ್ತೆಗೆ ಮೆಗ್‌ಳ ಬೇಲಿಯ ಕಥೆ ಹೇಳಿ ನಕ್ಕೆ. “ನೋಡಿ ಅತ್ತೆ, ಬರೀ ಬೇಲಿ! ಇದಕ್ಕೆ ಇಷ್ಟೊಂದು ಮೆರವಣಿಗೆ.”

ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅವರ ಕೈ ನಿಂತಿತು. “ನಮ್ಮೂರ ಹೆಸರೂ ಜಾಲಿಮುಳ್ಳಿನ ಬೇಲೀನವಾ. ಡ್ಯಾಮಿನ ನೀರು ಬಂದಾಗ ಬೇಲಿ ಹೋತು, ಮನಿ ಹೋತು, ಗುಡೀನೂ ಹೋತು. ಹೆಸರು ಒಂದ ಹೊತಗೊಂಡು ಗುಡ್ಡ ಹತ್ತಿದ್ವಿ. ಅದನ್ನೂ ಇಲ್ಲಿ ಇಳಿಸಿ ಬಿಡ್ತೀರೇನು?”

ಜಾಲಿಹಾಳ ಮುಳುಗಿದ್ದೇ ನನಗೆ ಗೊತ್ತಿರಲಿಲ್ಲ. ಗಂಡ ಒಂದು ಮಾತೂ ಆಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನನ್ನು ಕರೆದೊಯ್ದು ತೋರಿಸಿದ, ಸೀದಾ ರಸ್ತೆಗಳ ಆ ಜಾಲಿಹಾಳ, ಮುಳುಗಿದ ಊರಿನ ಹೆಸರು ಹೊತ್ತ ಪುನರ್ವಸತಿ ಕಾಲೊನಿಯಂತೆ!

ಮಗಳು ಹುಟ್ಟಿದಳು. ಹೆಸರು ಕೇಳಿದ ನರ್ಸಿಗೆ ಜಾಲಿಹಾಳವನ್ನು ಅಕ್ಷರ ಬಿಡಿಸಿ ಹೇಳಿದವಳು ನಾನೇ. ಗಂಡ ಬೆರಗಾಗಿ ನನ್ನ ಮುಖ ನೋಡಿದ.

“ಎಲ್ಲಿಯದು ಈ ಹೆಸರು?” ಎಂದಳು ನರ್ಸು.

“ನೀರಿನ ಕೆಳಗಿನದು” ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಮಗಳಿಗೀಗ ಮಾತು ಬಂದಿದೆ. ನಿನ್ನ ಊರು ಯಾವುದೆಂದು ಅಜ್ಜಿ ಫೋನಿನಲ್ಲಿ ಕೇಳಿದರೆ “ಜಾಲಿಹಾಳ” ಎನ್ನುತ್ತಾಳೆ, ಮೆಗ್ ಕೇಳಿದರೆ “ಬ್ಯಾಂಗೋರ್.” ಮುಳುಗಿದ ಆ ಊರನ್ನಾಗಲಿ, ಮೆಗ್ ಹುಟ್ಟಿದ ಊರನ್ನಾಗಲಿ ಅವಳು ಕಂಡಿಲ್ಲ. ಅದೇ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದರೆ ಮಾತ್ರ, ಮೈಸೂರು ಎನ್ನಲು ಬಾಯಿ ತೆರೆದವಳು, ಜಾಲಿಹಾಳ ನೆನಪಾಗಿ ತಡೆಯುತ್ತೇನೆ.