ಅಕ್ಕಿ ಪಾಲಿಶಿನ ಹುಲಿಗೆಪ್ಪ ಕಾಕಾ

ಹುಲಿಗೆಪ್ಪ ಕಾಕಾ ಯಾವುದನ್ನೂ ಅಂಗೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಚಹಾದ ಗ್ಲಾಸಿರಲಿ, ಜ್ವರ ಬಂದವರ ಹಣೆಯಿರಲಿ, ಆಗತಾನೇ ಬಂದು ನಿಂತ ಆಟೋದ ಇಂಜಿನ್ನಿರಲಿ, ಕೈಯನ್ನು ತಿರುವಿ ಅದರ ಹಿಂಬದಿಯನ್ನು ತಾಗಿಸುವುದೇ ಅವರ ರೂಢಿ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಅಂಗೈ ದುಡದು ದುಡದು ಜಡ್ಡುಗಟ್ಟೈತ್ರಿ ಅಕ್ಕೋರ, ಅದು ಸುಳ್ಳ ಹೇಳತೈತಿ. ಹಿಂದಿಂದು ಕುಂತು ಉಂಡೈತಿ, ಅದಕ್ಕ ಎಲ್ಲಾ ಗೊತ್ತಾಗತೈತಿ," ಅಂದರು. ನವಲಿಯ ಶಾಲೆಯಲ್ಲಿ ಕಲಿಸುವವಳಾದ್ದರಿಂದ ನಾನು ಓಣಿಗೆಲ್ಲ ಅಕ್ಕೋರು. ಕಾಕಾ ನಮ್ಮ ಎದುರು ಮನೆಯವರು. ನಮ್ಮ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಅಕ್ಕಿ ಪಾಲಿಶ್ ಮಾಡುವ ಮಷಿನ್ ನೋಡಿಕೊಂಡವರು.

ಆ ಕೆಲಸ ನೋಡುವವರಿಗೆ ಸಲೀಸು. ಅಕ್ಕಿ ಬೆಳ್ಳಗಾಗಬೇಕು, ಆದರೆ ಬಿಸಿಯಾಗಬಾರದು. ಬಿಸಿಯಾದರೆ ಕಾಳು ಒಡೆದು ನುಚ್ಚಾಗುತ್ತದೆ. ಮಷಿನ್ನಿನಿಂದ ಬೀಳುವ ಅಕ್ಕಿಗೆ ಕೈಯ ಹಿಂಬದಿ ಒಡ್ಡಿ, ಅದರ ಕಾವು ನೋಡಿಯೇ ಕಾಕಾ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಆಮೇಲೆ ಮಿಲ್ಲಿಗೆ ಹೊಸ ಮಷಿನ್ ಬಂತು. "ಇನ್ನ ಕೈ ಹಾಕಿ ನೋಡೂ ಕೆಲಸಿಲ್ಲ ಹುಲಿಗೆಪ್ಪ, ಎಲ್ಲಾ ಅದ ನೋಡ್ಕೋತೈತಿ," ಎಂದು ಮಾಲೀಕರು ಅವರಿಗೆ ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಸಿಕೊಟ್ಟರು. ಕಾಕಾ ಮೂರು ತಿಂಗಳು ಕುಳಿತರು, ನಂತರ ಎದ್ದು ಮನೆಗೆ ಬಂದುಬಿಟ್ಟರು. "ಕುರ್ಚಿ ಕಾಯಾಕ ನಾ ಯಾಕ ಬೇಕು?" ಎಂದು ನಗುತ್ತಲೇ ಹೇಳಿದರು. ಇನ್ನೊಂದು ದಿನ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದಾಗ ನಗಲಿಲ್ಲ. "ಕೈ ಇದ್ದೂ ಸತ್ತಂಗ ಆತ್ರಿ," ಅಂದರು. ಆ ಮಾತು ನನಗೆ ಚುಚ್ಚಿತು.

ಅದೇ ಹೊತ್ತಿಗೆ ನನ್ನ ಕಾರಿನ ಫಜೀತಿ ಶುರುವಾಗಿತ್ತು. ಕಡುನೀಲಿ ಬಣ್ಣದ ಸೆಕೆಂಡ್ ಹ್ಯಾಂಡ್ ಕಾರು, ನನ್ನ ಸ್ವಂತ ದುಡಿಮೆಯದು. ನಮ್ಮ ಓಣಿಯಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ನಾನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ನಮ್ಮೂರ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಸುಟ್ಟು ಹಾರುವ ಕರಿಬೂದಿ ಒಣಗಹಾಕಿದ ಸೀರೆಯನ್ನೂ ಬಿಡುವುದಿಲ್ಲ, ಕಾರನ್ನೂ ಬಿಡುವುದಿಲ್ಲ. ನಾನು ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಬಲು ಶ್ರದ್ಧೆಯಿಂದ ಅದನ್ನು ಒರೆಸುತ್ತಿದ್ದೆ. ಎರಡು ವರ್ಷದಲ್ಲಿ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಗೀರುಗಳಾದವು. ಗ್ಯಾರೇಜಿನವನು ಬಂದು ನೋಡಿ, "ಪೇಂಟ್ ಮುಗದೈತ್ರಿ ಮೇಡಂ, ಪೂರ್ತಿ ಹೊಸಾದು ಹೊಡೀಬೇಕು," ಅಂದ.

ಕಾಕಾ ರಸ್ತೆ ದಾಟಿ ಬಂದರು. ಒಂದು ಚೊಂಬು ನೀರು ತರಿಸಿ ಬಾನೆಟ್ಟಿನ ಮೇಲೆ ಸುರಿದರು. ಒದ್ದೆ ಇರುವಷ್ಟು ಹೊತ್ತು ಗೀರುಗಳು ಮಾಯವಾದವು, ಒಣಗಿದ ಮೇಲೆ ಮತ್ತೆ ಎದ್ದವು. "ಪೇಂಟ್ ಹೋಗಿಲ್ರಿ. ಮ್ಯಾಲಿನ ತೊಗಲು ತರಚೈತಿ ಅಷ್ಟ. ಹೊಟ್ಟಿನ ಬೂದಿ ಅಂದ್ರ ಉಸುಕಿದ್ದಂಗ, ಅದನ್ನ ಒಣಾ ಅರಿವೀಲೆ ತಿಕ್ಕೀರಿ ನೀವು. ಅಕ್ಕಿಗೂ ಇದಕ್ಕೂ ಒಂದ ನ್ಯಾಯ: ತೌಡಷ್ಟ ತಗೀಬೇಕು, ಕಾಳಿಗೆ ಕೈ ಹಚ್ಚಬಾರದು."

ಗ್ಯಾರೇಜಿನವನು ಹೋ ಎಂದು ನಕ್ಕ. "ಅಕ್ಕಿ ಪಾಲಿಶ್ ಮಾಡಾವ್ರ ಮಾತ ಕೇಳಿ ಕಾರ ಕೆಡಿಸ್ಕೋಬ್ಯಾಡ್ರಿ!"

ಕಾಕಾನ ಮುಖ ಸಣ್ಣದಾಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾರನ್ನು ಮನೆಯಲ್ಲೇ ಪಾಲಿಶ್ ಮಾಡುತ್ತೇನೆ, ಅದೂ ಹುಲಿಗೆಪ್ಪ ಕಾಕಾ ಅಂಗಡಿಯಲ್ಲಿ ಆರಿಸಿಕೊಟ್ಟ, ಕೈಯಲ್ಲಿ ಹಿಡಿಯುವ ಪಾಲಿಶ್ ಮಷಿನ್ನಿನಿಂದಲೇ ಎಂದು ಅವನ ಎದುರೇ ಹೇಳಿಬಿಟ್ಟೆ. "ಹುಚ್ಚ ಹಿಡದೈತೇನ ನಿನಗ?" ಎಂದರು ನನ್ನ ಗಂಡ. ಅವರ ಹೆದರಿಕೆ ಸುಳ್ಳಲ್ಲ. ಒಂದು ಕಡೆ ಬಣ್ಣ ಸುಟ್ಟರೆ ಕಾರು ಹೋಗುತ್ತದೆ, ಅದರ ಜೊತೆಗೆ ಓಣಿಯಲ್ಲಿ ಕಾಕಾನ ಮಾತಿಗೂ ಬೆಲೆ ಹೋಗುತ್ತದೆ.

ಅಂಗಡಿಗೆ ಹೋಗುವ ದಿನ ಕಾಕಾ ಒಗೆದ ಧೋತರ ಉಟ್ಟು, ಟೋಪಿ ಹಾಕಿಕೊಂಡು ಬಂದರು, ಹೆಣ್ಣು ನೋಡಲು ಹೊರಟವರ ಹಾಗೆ. ಅಂಗಡಿಯವನು ಮೊದಲು ದೊಡ್ಡದೊಂದು ಮಷಿನ್ ಇಟ್ಟ. "ಗ್ಯಾರೇಜಿನವ್ರೆಲ್ಲಾ ಇದನ್ನ ಒಯ್ತಾರ್ರಿ. ಹತ್ತ ನಿಮಿಷದಾಗ ಕಾರು ಕನ್ನಡಿ ಆಗತೈತಿ."

"ಚಾಲೂ ಮಾಡ್ರಿ," ಅಂದರು ಕಾಕಾ. ಹಳೆಯ ತಗಡೊಂದರ ಮೇಲೆ ಅದನ್ನು ಒತ್ತಿ ಹಿಡಿದರು. ಎಷ್ಟು ಒತ್ತಿದರೂ ಅದು ನಿಲ್ಲಲಿಲ್ಲ. ತಗಡಿಗೆ ಕೈ ತಾಗಿಸಿ ಸರಕ್ಕನೆ ಹಿಂದಕ್ಕೆಳೆದುಕೊಂಡರು. "ಇದು ಒಂದ ಜಾಗದಾಗ ಗಿರಗಿರ ತಿರಗತೈತಿ, ಒತ್ತಿದಷ್ಟೂ ತಿನ್ನತೈತಿ. ಕೈ ಪಳಗಿದವ್ರಿಗೆ ಛಲೋ. ನಮ್ಮ ಅಕ್ಕೋರಿಗೆ ಬ್ಯಾಡ."

ಎರಡನೆಯದು ಸಣ್ಣದು. ತಿರುಗುತ್ತಲೇ ಅತ್ತಿತ್ತ ಅಲ್ಲಾಡುತ್ತಿತ್ತು. ಕಾಕಾ ಜೋರಾಗಿ ಒತ್ತಿದರು. ಅದರ ಸ್ಪಂಜಿನ ಬಿಲ್ಲೆ ತಿರುಗುವುದನ್ನೇ ನಿಲ್ಲಿಸಿತು. ಅಂಗಡಿಯವನಿಗೆ ಮುಜುಗರ. "ಸಣ್ಣ ಮಷಿನ್ ಅಲ್ಲೇನ್ರಿ, ಒತ್ತಿದ್ರ ನಿಂದರತೈತಿ."

ಕಾಕಾನ ಮುಖ ಅರಳಿತು. "ಅದಕ್ಕ ಇದ ಬೇಕು! ತಪ್ಪ ಮಾಡಿದ್ರ ತಾನ ನಿಂದರೂ ಮಷಿನ್ ಎಲ್ಲಿ ಸಿಗತೈತಿ? ಮೊರದಾಗ ಅಕ್ಕಿ ಕೇರಿದಂಗ ಆಡತೈತಿ ನೋಡ್ರಿ, ಕಾವು ಒಂದ ಕಡೆ ಕೂಡಂಗಿಲ್ಲ. ಜೋರು ಕಮ್ಮಿ ಮಾಡೂ ಗುಂಡಿ ಐತಿಲ್ಲೋ?" ಇತ್ತು. ಅಷ್ಟಕ್ಕೂ ಬಿಡಲಿಲ್ಲ. ಮಷಿನ್ನನ್ನು ನನ್ನ ಕೈಗೆ ಕೊಟ್ಟು, "ಹದಿನೇಳರ ಮಗ್ಗಿ ಅನ್ರಿ. ಮುಗಿಯೂತನಕ ಕೈ ಇಳಿಸಬ್ಯಾಡ್ರಿ," ಅಂದರು. ಗಿರಾಕಿಗಳೆಲ್ಲ ನೋಡುತ್ತಿರಲು, ಗುರ್ ಗುರ್ ಎನ್ನುವ ಮಷಿನ್ ಹಿಡಿದು ನಾನು ಮಗ್ಗಿ ಒಪ್ಪಿಸಿದೆ. ಹದಿನೇಳು ಹತ್ತಲೆ ನೂರಾ ಎಪ್ಪತ್ತಕ್ಕೆ ಬಂದರೂ ಕೈ ಸೋಲಲಿಲ್ಲ. "ಕಟ್ಟಿಕೊಡ್ರಿ," ಅಂದರು ಕಾಕಾ.

ಭಾನುವಾರ ಬೆಳಿಗ್ಗೆ ಬೇವಿನ ನೆರಳಲ್ಲಿ ಕಾರು ತೊಳೆದು ನಿಲ್ಲಿಸಿದೆ. ಮಷಿನ್ ಅವರೇ ಹಿಡಿಯುತ್ತಾರೆಂದು ನಾನು ತಿಳಿದಿದ್ದೆ. ಅವರು ಸ್ಟೂಲ್ ಎಳೆದುಕೊಂಡು ಕುಳಿತರು. "ಕಾರು ನಿಮ್ದು, ಕೈನೂ ನಿಮ್ದ ಇರಬೇಕು. ಮದ್ಲ ಕೆಳಗ, ಯಾರಿಗೂ ಕಾಣದ ಕಡೆ ಗೇಣಷ್ಟು ಮಾಡ್ರಿ." ಅಲ್ಲಿ ಸರಿಹೋದ ಮೇಲೆ ಬಾನೆಟ್ಟಿಗೆ ಬಂದೆವು. ನಾನು ಮಷಿನ್ ಆಡಿಸುವುದು, ಅವರು ಕೈ ಇಟ್ಟು ಹೇಳುವುದು. "ತಣ್ಣಗೈತಿ, ನಡೀಲಿ." "ಬೆಚ್ಚಗಾತು, ಮುಂದ ಸರೀರಿ." ಆಸೆಗೆ ಬಿದ್ದು ಅಂಚಿನಲ್ಲಿ ಒತ್ತಿದೆ, ಮಷಿನ್ ತಾನೇ ನಿಂತಿತು. "ಶಾಣ್ಯಾ ಯಾರು, ನೀವೋ ಅದೋ?" ಎಂದು ಕಾಕಾ ಹಲ್ಲು ಕಿರಿದರು.

ಅರ್ಧ ಮುಗಿಯುವಷ್ಟರಲ್ಲಿ ಬಾನೆಟ್ಟೆಲ್ಲ ಬಿಳಿ ಮಂಜು ಕವಿದಂತಾಯಿತು. ಓಣಿಯ ಮಂದಿ ಸುತ್ತ ನಿಂತಿದ್ದರು. "ಮುಗೀತು ಕಾರಿನ ಕಥಿ," ಅಂದರು ನನ್ನ ಗಂಡ. ನನ್ನ ಕಣ್ಣಲ್ಲಿ ನೀರೇ ಬಂತು. ಕಾಕಾ ಮೆತ್ತನೆಯ ಬಟ್ಟೆ ಒದ್ದೆ ಮಾಡಿ ಒಂದು ಸಲ ಎಳೆದರು. ಬಿಳಿ ಇದ್ದದ್ದು ಬಿಲ್ಲೆಗೆ ಹಚ್ಚಿದ್ದ ಪಾಲಿಶಿನ ಪೇಸ್ಟು ಒಣಗಿದ್ದು ಮಾತ್ರ. ಅದರ ಕೆಳಗಿನ ಕಡುನೀಲಿಯಲ್ಲಿ ಬೇವಿನ ಎಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನನ್ನ ಗಂಡ ಒಳಗೆ ಹೋಗಿ, ಕಾಕಾನಿಗೆ ತಾವೇ ಚಹಾ ಮಾಡಿ ತಂದುಕೊಟ್ಟರು.

ಕಳೆದ ಚಳಿಗಾಲ ಕಾಕಾ ಹಾಸಿಗೆ ಹಿಡಿದರು. ಕುಷ್ಟಗಿಯಲ್ಲಿರುವ ಮಗಳು ತನ್ನ ಮನೆಗೆ ಕರೆದೊಯ್ದಳು. ನಾನು ಅದೇ ಕಾರಿನಲ್ಲಿ ನೋಡಲು ಹೋದೆ. ಅದರ ಹಿಂದಿನ ವಾರ ಪೆಟ್ರೋಲ್ ಪಂಪಿನಲ್ಲಿ ನಡೆದದ್ದನ್ನು ಹೇಳುವ ಅವಸರ ನನಗೆ. "ಆ ಗ್ಯಾರೇಜಿನವ ಸಿಕ್ಕಿದ್ನರಿ ಕಾಕಾ. 'ಪೇಂಟ್ ಎಲ್ಲಿ ಹೊಡಿಸಿದ್ರಿ ಮೇಡಂ' ಅಂದ. ನಾ ಗಟ್ಟ್ಯಾಗಿ ಅಂದ್ನಿ, 'ಪೇಂಟ್ ಅಲ್ಲೋ ಮಾರಾಯ, ಪಾಲಿಶು. ರೈಸ್ ಮಿಲ್ಲಿನ ಹುಲಿಗೆಪ್ಪ ಕಾಕಾ ಕಲಿಸಿದ್ದು' ಅಂತ!"

ಕಾಕಾ ಕೆಮ್ಮು ಬರುವ ತನಕ ನಕ್ಕರು. ಆಮೇಲೆ, "ಮೂವತ್ತ ವರ್ಷ ಅಕ್ಕಿ ಬೆಳ್ಳಗ ಮಾಡಿದ್ನಿ ಅಕ್ಕೋರ. ಎಷ್ಟ ಮಂದಿ ಉಂಡಾರೋ ಏನೋ. ಇದು ಹುಲಿಗೆಪ್ಪ ಮಾಡಿದ ಅಕ್ಕಿ ಅಂತ ಒಬ್ರೂ ಅನ್ನಲಿಲ್ಲ. ಅವ್ರಿಗರ ಹೆಂಗ ಗೊತ್ತಾಗಬೇಕು ಬಿಡ್ರಿ," ಅಂದರು. ಮತ್ತೆ ನಾಚಿಕೊಂಡವರಂತೆ ಕೇಳಿದರು: "ಪಂಪಿನ್ಯಾಗ ಎಷ್ಟ ಮಂದಿ ಇದ್ರು, ನೀವು ನನ್ನ ಹೆಸರು ಹೇಳೂವಾಗ?"

"ಭಾಳ ಮಂದಿ ಇದ್ರು ಕಾಕಾ. ಪಾಳಿ ಹಚ್ಚಿ ಸಾಲಾಗಿ ನಿಂತಿದ್ರು. ಎಲ್ಲಾರೂ ಕೇಳಿದ್ರು," ಅಂದೆ.

ಅವತ್ತು ಪಂಪಿನಲ್ಲಿದ್ದವರು ನಾನು, ಗ್ಯಾರೇಜಿನವನು, ಪೆಟ್ರೋಲ್ ಹಾಕುವ ಹುಡುಗಿ, ಇಷ್ಟೇ. ನಾನು ನೋಡಿ ಬಂದು ವಾರ ಕಳೆಯುವುದರೊಳಗೆ ಕಾಕಾ ತೀರಿಕೊಂಡರು. ಕಾರಿನ ಹೊಳಪು ನೋಡಿ ಈಗಲೂ ಜನ ಕೇಳುತ್ತಾರೆ. ಶಾಲೆಯ ಮುಂದೆ, ಕನಕಗಿರಿಯ ಸಂತೆಯಲ್ಲಿ, ಮದುವೆ ಮನೆಗಳಲ್ಲಿ. ಕೇಳಿದವರಿಗೆಲ್ಲ ನಾನು ಕಾಕಾನ ಹೆಸರು ಹೇಳುತ್ತ ಬಂದಿದ್ದೇನೆ. ಅವತ್ತು ಅವರಿಗೆ ಹೇಳಿದ ಸುಳ್ಳು ಈಗ ಸುಳ್ಳಾಗಿ ಉಳಿದಿಲ್ಲ.